ಸಭಾಂಗಣದ ಮೇಲಣ ಮನೆಗಳು

ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ದ್ವೀಪದಲ್ಲಿ, ಏಳನೆಯ ಅವೆನ್ಯೂ ಐವತ್ತೇಳನೆಯ ಬೀದಿಯನ್ನು ಸಂಧಿಸುವ ಮೂಲೆಯಲ್ಲಿ, ಕಂದುಬಣ್ಣದ ಇಟ್ಟಿಗೆಯ ಭವ್ಯಸೌಧವೊಂದು ನಿಂತಿದೆ. ಉಕ್ಕಿನ ಉದ್ಯಮದಿಂದ ಅಪಾರ ಐಶ್ವರ್ಯವನ್ನು ಗಳಿಸಿದ ಆಂಡ್ರೂ ಕಾರ್ನೆಗಿಯವರು ಕಟ್ಟಿಸಿದ, 1891ರ ಮೇ 5ರಂದು ರಷ್ಯದ ಸಂಗೀತಕಾರ ಚೈಕೋವ್‌ಸ್ಕಿ ಸ್ವತಃ ವಾದ್ಯವೃಂದವನ್ನು ನಡೆಸಿ ಪ್ರಾರಂಭೋತ್ಸವಕ್ಕೆ ಕಳೆಗಟ್ಟಿಸಿದ ಕಾರ್ನೆಗಿ ಹಾಲ್ ಇದೇ. ಅದರ ವೇದಿಕೆಯ ಕೀರ್ತಿ ಲೋಕವಿದಿತವಾದದ್ದು. ಆದರೆ ಆ ವೇದಿಕೆಯ ನೆತ್ತಿಯ ಮೇಲೆ ಒಂದು ಶತಮಾನಕ್ಕೂ ಮಿಕ್ಕು ಕಲಾವಿದರ ಒಂದು ಪುಟ್ಟ ಊರೇ ಬಾಳಿಕೊಂಡಿದ್ದಿತೆಂಬುದನ್ನೂ, ಆ ಊರು ಹೇಗೆ ತೆರವಾಯಿತೆಂಬುದನ್ನೂ, ಟಿಕೆಟು ಕೊಂಡು ಒಳಹೋಗುವ ರಸಿಕರಲ್ಲಿ ಬಲ್ಲವರು ವಿರಳ.

ಸಭಾಂಗಣವೊಂದರಿಂದಲೇ ಬರುವ ಆದಾಯ ಅದರ ನಿರ್ವಹಣೆಗೆ ಸಾಲದೆಂದು ಕಂಡ ಕಾರ್ನೆಗಿಯವರು, 1890ರ ದಶಕದ ನಡುವಿನಲ್ಲಿ, ಬಾಡಿಗೆಗೆ ಕೊಡುವ ಸಲುವಾಗಿ ಅದಕ್ಕೆ ಎರಡು ಗೋಪುರಗಳನ್ನು ಸೇರಿಸಿದರು. ಆ ಗೋಪುರಗಳಲ್ಲಿದ್ದ ಕಲಾವಿದರ ಸ್ಟುಡಿಯೊಗಳ ಸಂಖ್ಯೆ 150ಕ್ಕೂ ಹೆಚ್ಚು. ಎತ್ತರದ ಛಾವಣಿ, ಆಕಾಶದ ಬೆಳಕನ್ನು ನೇರವಾಗಿ ಒಳಗೆ ಇಳಿಸುವ ಗಾಜಿನ ಮಾಡು, ಚಿತ್ರಕಾರನಿಗೂ ನರ್ತಕಿಗೂ ಒಪ್ಪುವಂಥ ವಿಸ್ತಾರ. ಇಸಡೋರಾ ಡಂಕನ್, ಲೆನರ್ಡ್ ಬರ್ನ್‌ಸ್ಟೈನ್, ಮಾರ್ಲನ್ ಬ್ರಾಂಡೊ ಮೊದಲಾದವರು ಇಲ್ಲಿ ಇದ್ದು ಹೋದರು. ಹೆಸರಾಗದೆ ಹೋದ ಅಸಂಖ್ಯಾತ ಸಂಗೀತೋಪಾಧ್ಯಾಯರೂ ಶಿಲ್ಪಿಗಳೂ ಇಲ್ಲಿಯೇ ತಮ್ಮ ಆಯುಷ್ಯವನ್ನು ಸವೆಸಿದರು.

ಈ ಸೌಧಕ್ಕೆ ಒಮ್ಮೆ ಮರಣಭಯವೊದಗಿ ತಪ್ಪಿಹೋಗಿತ್ತು. ನಗರದ ಫಿಲ್‌ಹಾರ್ಮೊನಿಕ್ ವಾದ್ಯವೃಂದವು ಹೊಸದಾದ ಲಿಂಕನ್ ಸೆಂಟರಿಗೆ ಹೋಗುವುದೆಂದು ನಿಶ್ಚಯವಾದಾಗ, ಇದನ್ನು ಕೆಡವಿ ಕಚೇರಿಗಳ ಗಗನಚುಂಬಿಯನ್ನು ಎಬ್ಬಿಸುವ ಆಲೋಚನೆ ನಡೆಯಿತು. ಪಿಟೀಲು ವಿದ್ವಾಂಸ ಐಸಾಕ್ ಸ್ಟರ್ನ್ ಮುಂದಾಗಿ ಜನಾಭಿಪ್ರಾಯವನ್ನು ಸಂಘಟಿಸಿದುದರ ಫಲವಾಗಿ 1960ರಲ್ಲಿ ನಗರಾಡಳಿತವೇ 50 ಲಕ್ಷ ಡಾಲರುಗಳಿಗೆ ಇದನ್ನು ಕೊಂಡುಕೊಂಡಿತು. ಮೂರು ವರ್ಷಗಳ ತರುವಾಯ ಅಷ್ಟು ಅದೃಷ್ಟವಿಲ್ಲದ ಪೆನ್ಸಿಲ್ವೇನಿಯಾ ರೈಲುನಿಲ್ದಾಣದ ಗ್ರಾನೈಟ್ ಕಲ್ಲಿನ ಸ್ತಂಭಗಳು ಉರುಳಿದುವು. ಆ ನಾಶವನ್ನು ಕಂಡು ಮರುಗಿದ ನಗರ 1965ರಲ್ಲಿ ಸ್ಮಾರಕಗಳ ಸಂರಕ್ಷಣೆಗೆಂದು ಕಾನೂನನ್ನು ಮಾಡಿತು.

ಆ ಕಾಲದ ನ್ಯೂಯಾರ್ಕನ್ನು ದಿನದಿನವೂ ಕಣ್ಣಾರೆ ಕಂಡು ಛಾಯಾಚಿತ್ರಗಳಲ್ಲಿ ಹಿಡಿದಿಟ್ಟವರು ಈ ಗೋಪುರದ ಒಂದು ಸಣ್ಣ ಕೋಣೆಯ ನಿವಾಸಿ, ಬಿಲ್ ಕನಿಂಗ್‌ಹ್ಯಾಮ್. 1929ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿ, ಹಾರ್ವರ್ಡಿನ ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟು ನ್ಯೂಯಾರ್ಕಿಗೆ ಬಂದು, ಟೋಪಿಗಳನ್ನು ತಯಾರಿಸುತ್ತಿದ್ದು, ಆಮೇಲೆ ಕ್ಯಾಮರಾ ಹಿಡಿದ ಈ ಮನುಷ್ಯರ ಕೋಣೆಯಲ್ಲಿ ಅಡುಗೆಮನೆಯಿರಲಿಲ್ಲ, ಸ್ನಾನಗೃಹ ಕಾರಿಡಾರಿನ ಆಚೆ ಎಲ್ಲರಿಗೂ ಸೇರಿದುದಾಗಿತ್ತು. ಇದ್ದದ್ದು ನೆಗೆಟಿವ್‌ಗಳು ತುಂಬಿದ ಕಪಾಟುಗಳ ಸಾಲು, ಅವುಗಳ ನಡುವೆ ಒಂದು ಕಿರಿದಾದ ಹಾಸಿಗೆ. ಪ್ಯಾರಿಸ್ಸಿನ ಬೀದಿ ಗುಡಿಸುವವರು ತೊಡುವ ನೀಲಿ ಅಂಗಿಯನ್ನು ಧರಿಸಿ ಅವರು ಬೈಸಿಕಲ್ಲನ್ನೇರಿ ಹೊರಡುತ್ತಿದ್ದರು. ಒಂದಾದಮೇಲೊಂದರಂತೆ 28 ಬೈಸಿಕಲ್ಲುಗಳು ಕಳುವಾದರೂ ಆ ಪರಿಪಾಠ ತಪ್ಪಲಿಲ್ಲ. ಐದನೆಯ ಅವೆನ್ಯೂ ಮತ್ತು ಐವತ್ತೇಳನೆಯ ಬೀದಿಯ ಮೂಲೆ ಅವರ ಅಚ್ಚುಮೆಚ್ಚಿನ ತಾಣ. ಮಳೆಯಲ್ಲಿಯೂ ಹಿಮದಲ್ಲಿಯೂ ಅಲ್ಲಿ ನಿಂತು, ಸಿರಿವಂತನೆನ್ನದೆ ಸಾಮಾನ್ಯನೆನ್ನದೆ, ದಾರಿಹೋಕರ ಉಡುಗೆತೊಡುಗೆಗಳ ಮೂಲಕ ಕಾಲದ ಚಲನೆಯನ್ನೇ ಓದುತ್ತಿದ್ದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅವರ ಬೀದಿಚಿತ್ರಗಳು 1978ರಿಂದ ಮೂರೂವರೆ ದಶಕಗಳಿಗೂ ಹೆಚ್ಚು ಕಾಲ ಅಚ್ಚಾದುವು.

ಅವರ ಕೃತಿಗಳಲ್ಲಿ ಈ ಸ್ಥಳಕ್ಕೆ ಅತ್ಯಂತ ನಿಕಟವಾದುದು ‘ಫಸಾಡ್ಸ್’. 1968ರಿಂದ 1976ರವರೆಗೆ ಅವರು ಬೈಸಿಕಲ್ಲಿನಲ್ಲಿ ತಿರುಗಾಡಿ ನಗರದ ಹಳೆಯ ಕಟ್ಟಡಗಳನ್ನು ಗುರುತಿಸಿ, ಹಳೆಬಟ್ಟೆಯ ಅಂಗಡಿಗಳಲ್ಲಿಯೂ ಬೀದಿಸಂತೆಗಳಲ್ಲಿಯೂ ಆಯಾ ಕಟ್ಟಡದ ಕಾಲಕ್ಕೆ ಒಪ್ಪುವ ಉಡುಪುಗಳನ್ನು ಹುಡುಕಿ ತಂದು, ಅವುಗಳನ್ನು ತಮ್ಮ ನೆರೆಮನೆಯ ಛಾಯಾಚಿತ್ರಗಾರ್ತಿ ಎಡಿಟಾ ಶರ್ಮನ್ ಅವರಿಗೆ ತೊಡಿಸಿ, ಆ ಕಟ್ಟಡದ ಮುಂದೆ ನಿಲ್ಲಿಸಿ ಚಿತ್ರ ತೆಗೆದರು. ಒಂದು ಚಿತ್ರದಲ್ಲಿ ಆಕೆ ಹಿಂದಿನ ಕಾಲದ ನಿಲುವಂಗಿಯನ್ನುಟ್ಟು, ಗೋಡೆಯೆಲ್ಲ ಗೀಚುಬರಹದಿಂದ ತುಂಬಿದ ನೆಲದಡಿಯ ರೈಲಿನಲ್ಲಿ ಗಂಭೀರವಾಗಿ ಕುಳಿತಿದ್ದಾರೆ. ನಗರ ದಿವಾಳಿಯ ಅಂಚಿನಲ್ಲಿ ತತ್ತರಿಸುತ್ತಿದ್ದ ಆ ದಶಕದ ಚರಿತ್ರೆಯೂ ಅದರ ಗತವೈಭವವೂ ಆ ಒಂದೇ ಚೌಕಟ್ಟಿನಲ್ಲಿ ಅಡಕವಾಗಿವೆ. ಈ ಮಾಲೆಯ 88 ಪ್ರತಿಗಳನ್ನು ಕನಿಂಗ್‌ಹ್ಯಾಮ್ ಅವರು ನ್ಯೂಯಾರ್ಕ್ ಐತಿಹಾಸಿಕ ಸಂಘಕ್ಕೆ ದಾನವಿತ್ತರು. 2014ರಲ್ಲಿ ಅವು ಅಲ್ಲಿ ಪ್ರದರ್ಶಿತವಾದುವು.

ಕಟ್ಟಡಗಳ ಮುಖಗಳನ್ನು ಹೀಗೆ ಪ್ರೀತಿಯಿಂದ ದಾಖಲಿಸಿದ ಈ ಇಬ್ಬರನ್ನು ಅವರ ಕಟ್ಟಡವೇ ಉಳಿಸಿಕೊಳ್ಳಲಿಲ್ಲ. ಸಂಗೀತಶಿಕ್ಷಣಕ್ಕೂ ಕಚೇರಿಗಳಿಗೂ ಸ್ಥಳ ಬೇಕೆಂದು 2007ರಲ್ಲಿ ಗೋಪುರಗಳನ್ನು ತೆರವುಮಾಡಿಸುವ ನಿರ್ಧಾರ ಪ್ರಕಟವಾಯಿತು. ಬಾಡಿಗೆದಾರರು ಒಟ್ಟುಗೂಡಿದರು, ಪತ್ರಿಕೆಗಳ ಮುಂದೆ ನಿಂತರು, ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅವರಲ್ಲೊಬ್ಬರಾದ ಜೋಸೆಫ್ ಆಸ್ಟರ್ ತಮ್ಮ ನೆರೆಹೊರೆಯವರ ಅಂತಿಮ ದಿನಗಳನ್ನು ‘ಲಾಸ್ಟ್ ಬೊಹೀಮಿಯಾ’ ಎಂಬ ಚಲನಚಿತ್ರವಾಗಿ ಉಳಿಸಿದರು. ಬಾಡಿಗೆ ನಿಯಂತ್ರಣ ಕಾನೂನಿನ ಆಶ್ರಯವಿದ್ದ ಕೆಲವರು ಬದಲಿ ವಸತಿಯನ್ನು ಪಡೆಯುವವರೆಗೂ ಕದಲಲಿಲ್ಲ. ಆ ಆಶ್ರಯವಿಲ್ಲದವರು ಬರಿಗೈಯಲ್ಲಿ ಹೋದರು. 1949ರಿಂದ ಅಲ್ಲಿಯೇ ಇದ್ದು, ಅಲ್ಲಿಯೇ ಐವರು ಮಕ್ಕಳನ್ನು ಬೆಳೆಸಿದ ಎಡಿಟಾ ಶರ್ಮನ್ ತೊಂಬತ್ತೆಂಟರ ವಯಸ್ಸಿನಲ್ಲಿ, 2010ರಲ್ಲಿ, ಮನೆ ಬಿಟ್ಟರು. ಕನಿಂಗ್‌ಹ್ಯಾಮ್ ಸೆಂಟ್ರಲ್ ಪಾರ್ಕಿನ ಬಳಿಗೆ ಹೋದರು. 2014ರಲ್ಲಿ ಗೋಪುರಗಳು ಶಿಕ್ಷಣವಿಭಾಗವಾಗಿ ಹೊಸ ರೂಪದಲ್ಲಿ ತೆರೆದುವು. ಎಡಿಟಾ 2013ರಲ್ಲಿಯೂ, ಕನಿಂಗ್‌ಹ್ಯಾಮ್ 2016ರಲ್ಲಿಯೂ ತೀರಿಕೊಂಡರು. ಕನಿಂಗ್‌ಹ್ಯಾಮ್ ನಿಲ್ಲುತ್ತಿದ್ದ ಬೀದಿಮೂಲೆಗೆ ನಗರವು ತಾತ್ಕಾಲಿಕವಾಗಿ ಅವರ ಹೆಸರನ್ನಿಟ್ಟಿತು.

ಮಕ್ಕಳಿಗೆ ಸಂಗೀತ ಕಲಿಸುವ ಉದ್ದೇಶ ನಿಸ್ಸಂದೇಹವಾಗಿ ಶ್ರೇಷ್ಠವಾದದ್ದು. ಆದರೂ ಒಂದು ಮಾತನ್ನು ಹೇಳದಿರಲಾಗದು. ಈ ಸೌಧ ನಗರದ ಸ್ವತ್ತು, ಪ್ರಜೆಗಳ ಸ್ವತ್ತು. ಇದರ ಕಲ್ಲಿಗೂ ಕಮಾನಿಗೂ ಕಾನೂನಿನ ಕಾವಲುಂಟು, ಒಳಗಿದ್ದ ಜೀವಗಳಿಗೆ ಅಂಥ ಕಾವಲು ಇರಲಿಲ್ಲ. ಕನಿಂಗ್‌ಹ್ಯಾಮ್ ಅವರ ದೃಷ್ಟಿಯ ಸ್ವಾತಂತ್ರ್ಯಕ್ಕೆ ಆಧಾರವಾಗಿದ್ದುದು ಅವರ ಅಲ್ಪ ಬಾಡಿಗೆಯ ಕೋಣೆ. ಊರಿನ ಹೃದಯದಲ್ಲಿ ಕಡಿಮೆ ಖರ್ಚಿನಲ್ಲಿ ಬಾಳಬಲ್ಲವರಾಗಿದ್ದುದರಿಂದಲೇ ಅವರು ಯಾರ ಹಣಕ್ಕೂ ಕೈಯೊಡ್ಡದೆ, ಔತಣಕೂಟಗಳಲ್ಲಿ ಒಂದು ಲೋಟ ನೀರನ್ನೂ ಮುಟ್ಟದೆ, ಕಂಡದ್ದನ್ನು ಕಂಡಂತೆ ತೆಗೆದರು. ದಾಖಲೆ ಮಾಡುವವನಿಗೆ ಊರಿನಲ್ಲಿ ನೆಲೆಯಿಲ್ಲದಿದ್ದರೆ ಊರಿನ ದಾಖಲೆಯೂ ಇರುವುದಿಲ್ಲ. ಆದಕಾರಣ ಸ್ಮಾರಕಗಳ ಪಟ್ಟಿಯನ್ನು ಸಿದ್ಧಪಡಿಸುವ ನಗರ ಯಾವುದೇ ಆಗಲಿ, ಅಲ್ಲಿ ಯಾರು ವಾಸವಾಗಿದ್ದಾರೆ, ಅವರ ಬಾಡಿಗೆ ಎಷ್ಟು, ನಾಳೆಯೂ ಅವರು ಅಲ್ಲಿರಬಲ್ಲರೇ ಎಂಬುದನ್ನೂ, ಕಂಬ ಕಮಾನುಗಳ ವಿವರದ ಜೊತೆಗೆ, ಅಷ್ಟೇ ಶ್ರದ್ಧೆಯಿಂದ ಬರೆದಿಡತಕ್ಕದ್ದು.