ಡ್ರಮ್ಮಿನ ಬೆಂಕಿ, ಗೂಡಿನ ಬೆಂಕಿ

ಎರಡರಿಂದ ನಲವತ್ತು ಮನೆಗಳವರು ದಿನವೂ ಹಿತ್ತಲಲ್ಲಿ ಡ್ರಮ್ ಇಟ್ಟು ಕಸ ಸುಟ್ಟರೆ ಡೈಆಕ್ಸಿನ್ ಎಂಬ ವಿಷ ಎಷ್ಟು ಗಾಳಿಗೆ ಸೇರೀತು? ದಿನಕ್ಕೆ 200 ಟನ್ ಕಸ ಉರಿಸಿ, ಹೊಗೆಯನ್ನು ಶೋಧಿಸಿ ಬಿಡುವ ದೊಡ್ಡ ಸ್ಥಾವರದಿಂದ ಹೊರಡುವಷ್ಟು! ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಲ್ಲಿದ್ದ ಪಾಲ್ ಲೆಮಿಯೂ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಲೆಕ್ಕವಿದು.

ಅವರ ಪ್ರಯೋಗ ಸಾದಾ. ನ್ಯೂಯಾರ್ಕ್ ರಾಜ್ಯದ ಮನೆಗಳ ಕಸ ಹೇಗಿರುತ್ತದೋ ಹಾಗೆಯೇ ಕಾಗದ, ಪ್ಲಾಸ್ಟಿಕ್, ಊಟದ ಉಳಿಕೆ, ಡಬ್ಬಗಳನ್ನು ತೂಗಿ ಸೇರಿಸಿದರು. ತೂತು ಕೊರೆದ ಉಕ್ಕಿನ ಡ್ರಮ್ಮಿಗೆ ತುಂಬಿ ಬೆಂಕಿ ಇಟ್ಟು, ಹೊಗೆ ಹಿಡಿದು ಅಳೆದರು. ಅಚ್ಚರಿಯೆಂದರೆ, ಮೊದಲ ಸುತ್ತಿನಲ್ಲಿ ಕೆ.ಜಿ. ಲೆಕ್ಕಕ್ಕೆ ಹೆಚ್ಚು ಡೈಆಕ್ಸಿನ್ ಉಗುಳಿದ್ದು ಮರುಬಳಕೆಯ ವಸ್ತುಗಳನ್ನೆಲ್ಲ ಆರಿಸಿ ತೆಗೆದಿದ್ದ ಶಿಸ್ತಿನ ಮನೆಯ ಕಸ. ಕಾಗದ ಹೋಗಿ, ಉಳಿದದ್ದರಲ್ಲಿ ಪಿವಿಸಿ ಎಂಬ ಕ್ಲೋರಿನ್‌ಯುಕ್ತ ಪ್ಲಾಸ್ಟಿಕ್ಕಿನ ಪಾಲು ಏರಿತ್ತು.

ಕ್ಲೋರಿನ್ ಇರುವ ಪ್ಲಾಸ್ಟಿಕ್, ತಾಮ್ರದಂಥ ಲೋಹದ ಕಣ, 200ರಿಂದ 450 ಡಿಗ್ರಿ ಸೆಲ್ಸಿಯಸ್‌ನ ಅರೆಬರೆ ಶಾಖ: ಡೈಆಕ್ಸಿನ್ ಹುಟ್ಟಲು ಇಷ್ಟು ಸಾಕು. ಬೆಳಗ್ಗೆ ರಸ್ತೆ ಗುಡಿಸಿ, ಒಣ ಎಲೆಯ ಜೊತೆ ಕವರು, ವೈರು ಸೇರಿಸಿ ಕಡ್ಡಿ ಗೀರುತ್ತಾರಲ್ಲ, ಆ ಹೊಗೆಯಾಡುವ ರಾಶಿಯಲ್ಲಿ ಇವೆಲ್ಲವೂ ಇರುತ್ತವೆ.

ಅದೇ ಕಸ ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆಯ ಸಿಮೆಂಟ್ ಗೂಡಿಗೆ ಹೋದರೆ ಕಥೆಯೇ ಬೇರೆ. ಅಲ್ಲಿ ಸುಣ್ಣದಕಲ್ಲು ಸುಮಾರು 1450 ಡಿಗ್ರಿಯಲ್ಲಿ ಬೇಯುತ್ತದೆ, ಜ್ವಾಲೆ 2000 ಡಿಗ್ರಿಯ ಹತ್ತಿರ. ಅಷ್ಟು ಕಾವಿನಲ್ಲಿ ಅನಿಲ ಹಲವು ಸೆಕೆಂಡು ನಿಲ್ಲುವುದರಿಂದ ವಿಷದ ಅಣುಗಳು ಒಡೆಯುತ್ತವೆ. ಆಮ್ಲವನ್ನು ಸುಣ್ಣ ಹೀರುತ್ತದೆ, ಬೂದಿ ಕ್ಲಿಂಕರಿನಲ್ಲಿ, ಅಂದರೆ ಬೆಂದ ಸಿಮೆಂಟಿನ ಉಂಡೆಗಳಲ್ಲಿ, ಬೆರೆಯುತ್ತದೆ. ಹೀಗೆ ಉರಿಸಲೆಂದೇ ಬೇರ್ಪಡಿಸಿ ಚೂರು ಮಾಡಿದ ಒಣ ಕಸಕ್ಕೆ ಆರ್‌ಡಿಎಫ್ ಎನ್ನುತ್ತಾರೆ. ಕೆ.ಜಿ.ಗೆ 1500 ಕಿಲೋಕ್ಯಾಲರಿ ಅಥವಾ ಹೆಚ್ಚು ಶಾಖ ಕೊಡುವ, ಮರುಬಳಕೆಯಾಗದ ಕಸವನ್ನು ಗುಂಡಿಗೆ ಸುರಿಯಬಾರದು, ಇಂಧನವಾಗಿಸಬೇಕು ಎಂದು 2016ರ ಘನತ್ಯಾಜ್ಯ ನಿಯಮ ಹೇಳಿತು.

ಹಾಗೆಂದು ಗೂಡು ಎಲ್ಲವನ್ನೂ ಜೀರ್ಣಿಸಿಕೊಳ್ಳುವುದಿಲ್ಲ. ಕ್ಲೋರಿನ್ ಜಾಸ್ತಿಯಾದರೆ, ಕಚ್ಚಾವಸ್ತುವನ್ನು ಮೊದಲೇ ಬಿಸಿಮಾಡುವ ಪ್ರೀಹೀಟರ್ ಗೋಪುರದೊಳಗೆ ಗಟ್ಟಿ ಪದರ ಕಟ್ಟಿ ದಾರಿ ಮುಚ್ಚುತ್ತದೆ. ಪಾದರಸ ಯಾವ ಬೆಂಕಿಗೂ ನಾಶವಾಗದು, ಆವಿಯಾಗಿ ಚಿಮಣಿ ಹಿಡಿಯುತ್ತದೆ. ಬೆಂಗಳೂರಿನಿಂದ ಆ ಗೂಡುಗಳಿಗೆ 500 ಕಿ.ಮೀ.ಗೂ ಮೀರಿದ ದಾರಿ. ಲಾರಿಯ ಡೀಸೆಲ್ ಹೊಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಷ್ಟು ದೂರ ಒದ್ದೆ ಕಸ ಸಾಗಿಸುವುದೆಂದರೆ ನೀರು ಹೊತ್ತಂತೆಯೇ. ಅನ್ನ, ಸಾರು ಸೋಕಿದ ಕವರು ಒಳ್ಳೆಯ ಇಂಧನವಲ್ಲ. ಆದ್ದರಿಂದ ಚಿಮಣಿಯ ಶೋಧಕಕ್ಕಿಂತ ಮೊದಲು ಗಟ್ಟಿಯಾಗಬೇಕಾದದ್ದು ಮನೆಬಾಗಿಲಿನಲ್ಲಿ ಒದ್ದೆ, ಒಣ ಕಸದ ಎರಡು ಬುಟ್ಟಿಗಳ ಶಿಸ್ತು.

ಇನ್ನು ಬಯಲ ಬೆಂಕಿಗೆ ಕಾನೂನಿನ ತಡೆಯ ಮಾತು. ಕಸದ ವಿಚಾರದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರು ಬೆಂಗಳೂರಿನ ಎಂಜಿನಿಯರ್ ಅಲ್ಮಿತ್ರಾ ಪಟೇಲ್. ಅದೇ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿತು. ಸಣ್ಣ ರಾಶಿಗೆ ₹5,000, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ ₹25,000 ದಂಡ ಎಂದು ಗೊತ್ತುಮಾಡಿತು.