ಎಂಟೂವರೆ ಸೆಂಟಿಮೀಟರ್ ಬಾಗಿಲಿಗೆ ಬಿರುಕು ಬಿಡಿಸುವುದು ಹೇಗೆ?

ಎರಡು ತಿಂಗಳಿಂದ ನನ್ನ ಮೇಜಿನ ಮೇಲೆ ಒಂದು ಬಾಗಿಲಿದೆ. ಎತ್ತರ ಎಂಟೂವರೆ ಸೆಂಟಿಮೀಟರ್. ನಾನು ಓದಿದ ಸರ್ಕಾರಿ ಶಾಲೆಯ ಒಂದು ಕೋಣೆಯನ್ನು 1:24 ಅಳತೆಯಲ್ಲಿ ಮಾಡುತ್ತಿದ್ದೇನೆ, ಅಂದರೆ ನಿಜದ 24 ಸೆಂಟಿಮೀಟರ್ ಇಲ್ಲಿ ಒಂದೇ ಸೆಂಟಿಮೀಟರ್. ಗೋಡೆ, ಹೆಂಚು, ಕಪ್ಪು ಹಲಗೆ ಎಲ್ಲ ಸಲೀಸಾಗಿ ಆಯ್ತು. ಸಿಕ್ಕಿಹಾಕಿಕೊಂಡಿದ್ದು ಬಾಗಿಲಿನ ಹಸಿರು ಬಣ್ಣದಲ್ಲಿ. ಹೊಸ ಬಣ್ಣ ಬಳಿಯೋದು ಸುಲಭ. ಮೂವತ್ತು ವರ್ಷ ಯಾರೂ ತಿರುಗಿ ನೋಡದ ಬಣ್ಣ ಬಳಿಯೋದು ಕಷ್ಟ.

ಮೊದಲು ಬಣ್ಣ ಯಾಕೆ ಬಿರುಕು ಬಿಡುತ್ತೆ ಅಂತ ನೋಡೋಣ. ಒಣಗುವಾಗ ಬಣ್ಣದ ಪದರ ಕುಗ್ಗಬೇಕು, ಆದರೆ ಕೆಳಗಿನ ಮೇಲ್ಮೈ ಅದನ್ನು ಹಿಡಿದುಕೊಂಡಿರುತ್ತೆ. ಈ ಎಳೆದಾಟದಲ್ಲಿ ಒತ್ತಡ ಏರುತ್ತಾ ಹೋಗಿ, ಒಂದು ಹಂತದಲ್ಲಿ ಪದರ ಸೀಳುತ್ತೆ. ಬತ್ತಿದ ಕೆರೆಯ ಕೆಸರು ಒಡೆಯೋದೂ ಇದೇ ಲೆಕ್ಕ. ಪದರ ದಪ್ಪ ಇದ್ದಷ್ಟೂ ಬಿರುಕುಗಳ ನಡುವಿನ ಅಂತರ ಹೆಚ್ಚು, ತುಂಡುಗಳು ದೊಡ್ಡವು. ಎರಡನೇ ಬಿರುಕು ಮೊದಲನೆಯದಕ್ಕೆ ಸಾಮಾನ್ಯವಾಗಿ ಲಂಬವಾಗಿ ಬಂದು ಸೇರುತ್ತೆ, ಯಾಕಂದ್ರೆ ಮೊದಲ ಬಿರುಕಿನ ಅಂಚಿನಲ್ಲಿ ಅಡ್ಡ ಎಳೆತ ಆಗಲೇ ಇಳಿದುಹೋಗಿರುತ್ತೆ. ಇಷ್ಟು ಗೊತ್ತಿದ್ದರೆ ಸಾಕು, ಬಿರುಕನ್ನು ನಮಗೆ ಬೇಕಾದ ಹಾಗೆ ತರಿಸಬಹುದು.

ಕ್ರ್ಯಾಕಲ್ ಮೀಡಿಯಂ ಅಂತ ರೆಡಿಮೇಡ್ ದ್ರಾವಣ ಸಿಗುತ್ತೆ. ಸಿಟಡೆಲ್ ಕಂಪನಿಯ ಅಗ್ರೆಲನ್ ಅರ್ತ್ ಥರದ, ತಾನೇ ಒಣಗಿ ಒಡೆಯುವ ಬಣ್ಣವೂ ಇದೆ. ಆದರೆ ಅದು ಒಣ ನೆಲಕ್ಕೆ ಚೆಂದ, ಬಾಗಿಲಿಗಲ್ಲ. ನನ್ನ ಕೆಲಸ ನಡೆದಿದ್ದು ಫೆವಿಕಾಲ್‌ನಲ್ಲೇ. ಬಾಲ್ಸಾ ಮರದ ಹಲಗೆಗೆ ಮೊದಲು ಕೆಳಗಿನ ಬಣ್ಣ, ಅಂದರೆ ಬಿರುಕಿನೊಳಗೆ ಕಾಣಬೇಕಾದ ಹಳೇ ಮರದ ಬೂದುಗಂದು. ಅದು ಪೂರ್ತಿ ಒಣಗಿದ ಮೇಲೆ ವಾರ್ನಿಷ್. ಅದರ ಮೇಲೆ ತೆಳ್ಳಗೆ ಫೆವಿಕಾಲ್. ಈಗ ಕಾಯಬೇಕು. ಬೆರಳಿಟ್ಟರೆ ಅಂಟಬೇಕು, ಆದರೆ ಬೆರಳಿಗೆ ಮೆತ್ತಿಕೊಂಡು ಬರಬಾರದು. ಆ ಕ್ಷಣದಲ್ಲಿ ಹಸಿರು ಅಕ್ರಿಲಿಕ್ ಬಣ್ಣವನ್ನು ಒಂದೇ ಎಳೆತದಲ್ಲಿ ಬಳಿಯಬೇಕು. ಎಳೆದ ಜಾಗಕ್ಕೆ ಮತ್ತೆ ಬ್ರಷ್ ತಾಗಿಸಿದರೆ ಅಂಟೂ ಬಣ್ಣವೂ ಕಲಸಿ ಗಂಜಿಯಾಗುತ್ತೆ. ನನ್ನ ಮೊದಲ ನಾಲ್ಕು ಬಾಗಿಲು ಹೀಗೇ ಕಸದ ಬುಟ್ಟಿ ಸೇರಿದವು. ಕೊನೆಗೆ ಹೇರ್ ಡ್ರೈಯರ್‌ನಿಂದ ದೂರದಿಂದಲೇ ಬಿಸಿಗಾಳಿ. ಮೇಲಿನ ಬಣ್ಣ ಬೇಗ ಒಣಗಿ ಕುಗ್ಗುತ್ತೆ, ಕೆಳಗಿನ ಅಂಟು ಇನ್ನೂ ಮೆತ್ತಗಿರೋದರಿಂದ ಬಣ್ಣ ಜಾರಿ ಬಾಯಿ ಬಿಡುತ್ತೆ. ಕಣ್ಣೆದುರೇ ಬಿರುಕು ಮೂಡೋದನ್ನು ನೋಡೋದು ಮಜಾ ಇರುತ್ತೆ.

ಎಷ್ಟೋ ಮಾಡೆಲ್‌ಗಳು ಸೋಲೋದು ಇದರ ನಂತರ. ಒಂದು ಮಿಲಿಮೀಟರ್ ಅಗಲದ ಬಿರುಕು ಈ ಅಳತೆಯಲ್ಲಿ 24 ಮಿಲಿಮೀಟರ್, ಅಂದರೆ ಹೆಬ್ಬೆರಳು ತೂರುವಷ್ಟು. ಯಾವ ಬಣ್ಣವೂ ಹಾಗೆ ಒಡೆಯಲ್ಲ. ಹಾಗಾಗಿ ಎಲ್ಲ ಪದರಗಳೂ ಆದಷ್ಟು ತೆಳ್ಳಗಿರಬೇಕು. 1:72ರಂಥ ಪುಟ್ಟ ಅಳತೆಗಾದರೆ ಈ ವಿಧಾನವನ್ನೇ ಕೈಬಿಟ್ಟು ಸಣ್ಣ ಬ್ರಷ್‌ನಲ್ಲಿ ಗೆರೆ ಎಳೆಯೋದು ಮೇಲು. ಕೊನೆಯಲ್ಲಿ ನೀರು ಮಾಡಿದ ಕಪ್ಪು ಬಣ್ಣ ಹಚ್ಚಿ ಒರೆಸಿದರೆ ಬಿರುಕಿನಲ್ಲಿ ಮಾತ್ರ ಕೊಳೆ ಉಳಿಯುತ್ತೆ. ಡಚ್ ಕಲಾವಿದ ಹಾನ್ ವಾನ್ ಮೇಗರೆನ್ ತನ್ನ ನಕಲಿ ವರ್ಮೀರ್ ಚಿತ್ರಗಳನ್ನು ಒಲೆಯಲ್ಲಿ ಕಾಯಿಸಿ, ಸುತ್ತಿ, ಬಿರುಕಿಗೆ ಶಾಯಿ ತುಂಬಿದ್ದೂ ಇದಕ್ಕೇ. ಅದರಲ್ಲೊಂದು ನಾಜಿ ನಾಯಕ ಗೋರಿಂಗ್‌ನ ಕೈ ಸೇರಿತ್ತು. ಹಳೇದು ಅಂತ ನಂಬಿಸೋಕೆ ಬಿರುಕು ಸಾಕು ಅನ್ನೋದು ಆತನಿಗೆ ಗೊತ್ತಿತ್ತು.

ನಂಬಿಸೋದು ಬೇಡ, ನಿಜ ಬೇಕು ಅಂದ್ರೆ ಅಸಲಿ ಬಾಗಿಲನ್ನೇ ನೋಡಬೇಕು. ಊರಿಗೆ ಹೋಗಿ ನೋಡಿದೆ. ಬಿರುಕು ಬಾಗಿಲ ತುಂಬಾ ಒಂದೇ ಥರ ಇರಲಿಲ್ಲ. ಮೇಲರ್ಧದಲ್ಲಿ ಮರದ ಎಳೆಯ ಗುಂಟ ಉದ್ದುದ್ದ ಸೀಳು, ಯಾಕಂದ್ರೆ ಮಳೆ ಬಿಸಿಲಿಗೆ ಮರ ಹಿಗ್ಗಿ ಕುಗ್ಗೋದು ಎಳೆಗೆ ಅಡ್ಡಲಾಗಿ. ಕೆಳಗಿನ ಒಂದಡಿಯಲ್ಲಿ ಬಣ್ಣವೇ ಇಲ್ಲ. ಸೂರಿನ ನೀರು ಬಿದ್ದು ಸಿಡಿಯೋದು ಅಲ್ಲಿಗೆ. ದೋಣಿ ಮುರಿದು ಯಾವ ಕಾಲವಾಯಿತೋ. ಚಿಲಕದ ಸುತ್ತ ಸವೆದು ನುಣುಪಾಗಿದೆ, ಅದು ಮಕ್ಕಳ ಕೈ. ಗೋಡೆಯ ಬುಡದಲ್ಲಿ ಸುಣ್ಣ ಉಬ್ಬಿ ಉದುರಿದ್ದು ನೆಲದ ತೇವ ಮೇಲೇರಿದ್ದರಿಂದ. ದುರಸ್ತಿ ಆಗಬೇಕಿದ್ದಿದ್ದು ಎಲ್ಲಿ, ಆಗದೇ ಇದ್ದಿದ್ದು ಎಷ್ಟು ವರ್ಷ ಅನ್ನೋದು ಯಾವ ತಪಾಸಣಾ ವರದಿಗಿಂತ ಚೆನ್ನಾಗಿ ಅಲ್ಲೇ ಬರೆದಿತ್ತು.

ಬಣ್ಣ ಹೊಂದಿಸೋಕೆ ಅಂತ ಉಗುರಲ್ಲಿ ಒಂದು ಚಕ್ಕೆ ಕೆರೆದು ಜೇಬಿಗೆ ಹಾಕಿಕೊಂಡೆ. ಬಸ್ಸಲ್ಲಿ ಕೂತ ಮೇಲೆ ಹೊಳೆಯಿತು, ಇದು ಹಳೇ ಎನಾಮೆಲ್ ಅಲ್ವಾ? ಹಳೇ ಎನಾಮೆಲ್‌ಗಳ ಗಾಢ ಹಳದಿ ಎಷ್ಟೋ ಸಲ ಲೆಡ್ ಕ್ರೋಮೇಟ್, ಅಂದರೆ ಸೀಸದ ಸಂಯುಕ್ತ. ಅದಕ್ಕೆ ನೀಲಿ ಬೆರೆಸಿ ಹಸಿರು ಮಾಡುತ್ತಿದ್ದರು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ 2016ರಲ್ಲಿ ಬಂತು, ಜಾರಿಯಾಗಿದ್ದು 2017ರ ನವೆಂಬರ್‌ನಲ್ಲಿ. ಆ ನಿಯಮ ಇರೋದು ತಯಾರಿಕೆ ಮತ್ತು ಮಾರಾಟಕ್ಕೆ. ಅದಕ್ಕೂ ಮೊದಲೇ ಬಳಿದ ಬಣ್ಣ ಬಾಗಿಲಲ್ಲೇ ಇದೆ, ಚಕ್ಕೆಯಾಗಿ, ಧೂಳಾಗಿ ಉದುರ್ತಾ ಇದೆ. ಮಕ್ಕಳ ಮಟ್ಟಿಗೆ ಸೀಸಕ್ಕೆ ಸುರಕ್ಷಿತ ಮಟ್ಟ ಅಂತ ಒಂದಿಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ನೇರ ಮಿದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತೆ.

ನಮ್ಮ ಶಾಲೆಯ ಬಾಗಿಲಲ್ಲಿ ಸೀಸ ಇದೆಯೋ ಇಲ್ಲವೋ ಲ್ಯಾಬ್‌ಗೆ ಕಳಿಸದೆ ಹೇಳಲಾಗದು. ಚಕ್ಕೆಯನ್ನು ಕವರಿಗೆ ಹಾಕಿ ಇಟ್ಟಿದ್ದೇನೆ. ಹೆಡ್‌ಮಾಸ್ಟರಿಗೆ ಫೋನ್ ಮಾಡಿದಾಗ ಅವರು ಹೇಳಿದ್ದು ಕೇಳಿ ಎದೆ ಧಸಕ್ಕೆಂದಿತು: 'ಹಳೇ ವಿದ್ಯಾರ್ಥಿಗಳು ಬಂದು ಶ್ರಮದಾನ ಮಾಡ್ತಾರಂತೆ ಸಾರ್, ಬರೋ ಭಾನುವಾರ ಬಾಗಿಲು ಉಜ್ಜಿ ಪೇಂಟ್ ಹೊಡೀತಾರೆ.' ಒಣ ಸ್ಯಾಂಡ್‌ಪೇಪರ್ ಮುಟ್ಟಿಸಬೇಡಿ, ಅದರ ಧೂಳೇ ಅಪಾಯ, ಪರೀಕ್ಷೆ ಆಗೋವರೆಗೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಉದುರಿದ್ದನ್ನು ಗುಡಿಸದೆ ಒದ್ದೆಯಾಗಿಯೇ ಎತ್ತಿ, ಮಕ್ಕಳನ್ನು ಆ ಕಡೆ ಬಿಡಬೇಡಿ ಅಂದೆ. ಮುಂದಿನ ವಾರ ಮಾಡೋಣ ಬಿಡಿ ಅಂದರು. ನನ್ನ ಪುಟ್ಟ ಬಾಗಿಲಿಗೆ ಕೆಳಗಿನ ಒಂದಡಿ, ಅಂದರೆ ಸುಮಾರು ಹದಿಮೂರು ಮಿಲಿಮೀಟರ್, ಇನ್ನೂ ಬಾಕಿ ಇದೆ.