ಹೊಗೆ ತಪಾಸಣೆಯಲ್ಲಿ ಹಳೆಯ ಕಾರು ಫೇಲಾದರೆ

ರೋಣ, ನರಗುಂದ, ಗಜೇಂದ್ರಗಡದ ಕಡೆ ಹದಿನೈದು ಇಪ್ಪತ್ತು ವರ್ಷದ ಕಾರುಗಳು ಇನ್ನೂ ಮನೆಮಂದಿಯನ್ನೆಲ್ಲ ಹೊತ್ತು ಓಡುತ್ತಿವೆ. ನಿಮ್ಮ ಕಾರು ಹೊಗೆ ತಪಾಸಣೆಯಲ್ಲಿ ಫೇಲಾದರೆ ‘ಹೇಗಾದರೂ ಸರ್ಟಿಫಿಕೇಟ್ ಮಾಡಿಕೊಡಿ’ ಎಂದು ದುಂಬಾಲು ಬೀಳಬೇಡಿ. ಆ ಚೀಟಿ ರಕ್ತಪರೀಕ್ಷೆಯ ವರದಿ ಇದ್ದಂತೆ. ದೋಷ ಎಲ್ಲಿದೆ ಎಂಬ ಸುಳಿವು ಅದರಲ್ಲೇ ಇರುತ್ತದೆ.

ಪೆಟ್ರೋಲ್ ಕಾರಾದರೆ ಎರಡು ಅಂಕಿ ನೋಡಿ. ಮೊದಲನೆಯದು ಕಾರ್ಬನ್ ಮೊನಾಕ್ಸೈಡ್. ಬಿ.ಎಸ್.-2 ಮತ್ತು ಬಿ.ಎಸ್.-3 ಕಾರುಗಳಿಗೆ ಇದರ ಮಿತಿ ಶೇ. 0.5; ಅದಕ್ಕಿಂತ ಹಳೆಯವಕ್ಕೆ ಶೇ. 3. ಇದು ಹೆಚ್ಚಿದ್ದರೆ ಎಂಜಿನ್‌ಗೆ ಗಾಳಿ ಸಾಲುತ್ತಿಲ್ಲ ಅಥವಾ ಪೆಟ್ರೋಲ್ ಅತಿಯಾಗಿ ಹೋಗುತ್ತಿದೆ ಎಂದರ್ಥ. ಮೊದಲು ಏರ್ ಫಿಲ್ಟರ್ ಬಿಚ್ಚಿಸಿ ನೋಡಿ. ನಮ್ಮ ಎರೆಹೊಲದ ದಾರಿಗಳ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ನಂತರ ಕಾರ್ಬ್ಯುರೇಟರ್ ಸೆಟಿಂಗ್, ಚೋಕ್ ನೋಡಿಸಿ. ಇಂಜೆಕ್ಷನ್ ಕಾರಾದರೆ ಆಕ್ಸಿಜನ್ ಸೆನ್ಸರ್ ಪರೀಕ್ಷಿಸಿ.

ಎರಡನೆಯದು ಹೈಡ್ರೋಕಾರ್ಬನ್, ಅಂದರೆ ಉರಿಯದೆ ಹೊರಬಿದ್ದ ಪೆಟ್ರೋಲ್. ಇದು ಹೆಚ್ಚಿದ್ದರೆ ಸ್ಪಾರ್ಕ್ ಪ್ಲಗ್, ಪ್ಲಗ್ ವೈರ್, ಟೈಮಿಂಗ್ ನೋಡಬೇಕು. ಅವು ಸರಿಯಿದ್ದರೆ ವಾಲ್ವ್ ಮತ್ತು ಕಂಪ್ರೆಶನ್. ಎರಡೂ ಅಂಕಿ ಇಳಿಯದಿದ್ದಾಗ ಮಾತ್ರ ಕ್ಯಾಟಲಿಟಿಕ್ ಕನ್ವರ್ಟರ್ ಕಡೆ ಕೈ ಹಾಕಿ. ಅದು ದುಬಾರಿ, ಮೂಲ ದೋಷ ಉಳಿದರೆ ಹೊಸದೂ ಕೆಡುತ್ತದೆ.

ಡೀಸೆಲ್ ಗಾಡಿಯಲ್ಲಿ ಅಳೆಯುವುದು ಹೊಗೆಯ ದಟ್ಟಣೆ. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್, ನಾಝಲ್, ಪಂಪ್ ತಪಾಸಿಸಿ. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಘೋಷಿಸಿದೆ.

ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಸೈಲೆನ್ಸರ್ ಪೈಪ್ ತೂತಾಗಿದ್ದರೆ, ಡಿಕ್ಕಿಯ ರಬ್ಬರ್ ಹರಿದಿದ್ದರೆ, ಕಿಟಕಿ ಮುಚ್ಚಿದ ಕಾರಿನೊಳಗೆ ಅದು ಸೇರಬಲ್ಲದು. ಮಕ್ಕಳು, ಗರ್ಭಿಣಿಯರು, ಹೃದಯದ ತೊಂದರೆ ಇರುವ ಹಿರಿಯರಿಗೆ ಅಪಾಯ ಹೆಚ್ಚು. ಪ್ರಯಾಣದಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ವಾಕರಿಕೆ, ಮಂಪರು ಬಂದರೆ ‘ಗಾಡಿ ಆಗಿಬರಲಿಲ್ಲ’ ಎಂದು ಸುಮ್ಮನಾಗಬೇಡಿ. ಕಾರು ನಿಲ್ಲಿಸಿ, ಎಲ್ಲರನ್ನೂ ಬಯಲಿಗೆ ಇಳಿಸಿ, ಬೇರೆ ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಗಿಲು ಹಾಕಿದ ಶೆಡ್‌ನಲ್ಲಿ ಎಂಜಿನ್ ಎಂದೂ ಚಾಲೂ ಇಡಬೇಡಿ.

ದುರಸ್ತಿಯನ್ನು ಅಗ್ಗದ್ದರಿಂದ ಶುರು ಮಾಡಿ: ಫಿಲ್ಟರ್, ಪ್ಲಗ್, ಆಯಿಲ್, ಆಮೇಲೆ ದೊಡ್ಡ ಕೆಲಸ. ಸೈಲೆನ್ಸರ್ ತೂತನ್ನು ಮಾತ್ರ ಅದೇ ದಿನ ಬೆಸುಗೆ ಹಾಕಿಸಿ. ಮರುತಪಾಸಣೆಗೆ ತಣ್ಣಗಿನ ಗಾಡಿ ಒಯ್ಯಬೇಡಿ. ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಎಂಜಿನ್ ಬಿಸಿಯಾದ ಮೇಲೆ ಹೋಗಿ. ಬಿ.ಎಸ್.-4ಕ್ಕಿಂತ ಹಳೆಯ ಗಾಡಿಗಳಿಗೆ ಸರ್ಟಿಫಿಕೇಟ್ ಅವಧಿ ಆರು ತಿಂಗಳು. ಹಳೆಯ ಚೀಟಿಗಳನ್ನು ಎಸೆಯದೆ ಗಾಡಿಯಲ್ಲೇ ಇಡಿ. ಪಾಸಾದರೂ ಅಂಕಿ ಪ್ರತಿ ಸಲ ಏರುತ್ತಿದ್ದರೆ, ಮುಂದಿನ ತಪಾಸಣೆಗೆ ಕಾಯದೆ ಮೆಕ್ಯಾನಿಕ್‌ಗೆ ತೋರಿಸಿ.